ಅಕ್ಷರದ ಹೊರಗಿನ ಅರಿವು: ಹೈದರ್ ಅಲಿಯ ಜೀವನ ಮತ್ತು ಹದಿನೆಂಟನೆಯ ಶತಮಾನದ ತಂತ್ರಕೌಶಲ

1

ಹದಿನೆಂಟನೆಯ ಶತಮಾನದ ನಡುಭಾಗವನ್ನು ಕರ್ನಾಟಕದ ರಾಜಕೀಯ ಚರಿತ್ರೆ ಯುದ್ಧಗಳ ಕಾಲವೆಂದು ಗುರುತಿಸುತ್ತದೆ. ಕನ್ನಡ ಸಾಹಿತ್ಯ ಚರಿತ್ರೆ ಅದನ್ನು ಬಹುಮಟ್ಟಿಗೆ ಇಳಿಗಾಲವೆಂದು ಕರೆದು ಮುಂದೆ ಸಾಗುತ್ತದೆ. ಆ ಕಾಲದ ಜನ ಕಬ್ಬಿಣವನ್ನು ಹೇಗೆ ಕಾಸಿದರು, ಮದ್ದನ್ನು ಹೇಗೆ ಹದಗೊಳಿಸಿದರು, ತೋಟವನ್ನು ಹೇಗೆ ಎಬ್ಬಿಸಿದರು, ಎತ್ತಿನ ತಳಿಯನ್ನು ಹೇಗೆ ಕಾಪಾಡಿದರು ಎಂಬ ಪ್ರಶ್ನೆಗಳು ಈ ಎರಡೂ ನಿರೂಪಣೆಗಳ ಹೊರಗೇ ಉಳಿದಿವೆ. ಯುರೋಪಿನಲ್ಲಾದರೋ ಇವೇ ದಶಕಗಳು ಕೈಕಸುಬಿನ ಅರಿವು ಗ್ರಂಥರೂಪಕ್ಕೆ ಬಂದ ಕಾಲ. ತೋಪಿನ ಗುಂಡಿನ ವೇಗವನ್ನು ಅಳೆಯುವ ಬಗೆಯನ್ನು ವಿವರಿಸಿದ ಬೆಂಜಮಿನ್ ರಾಬಿನ್ಸನ ಗ್ರಂಥ 1742ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ದಿದೆರೊ ಸಂಪಾದಿಸಿದ ಫ್ರೆಂಚ್ ವಿಶ್ವಕೋಶದ ಮೊದಲ ಸಂಪುಟ 1751ರಲ್ಲಿ ಹೊರಬಂದಿತು. ಕಸುಬುದಾರರ ಉಪಕರಣಗಳನ್ನೂ ಕೆಲಸದ ಕ್ರಮವನ್ನೂ ಚಿತ್ರಿಸಿದ ಅದರ ಫಲಕಗಳ ಸಂಪುಟಗಳು 1762ರಿಂದ ಬರತೊಡಗಿದವು. ಸಸ್ಯಗಳಿಗೆ ವ್ಯವಸ್ಥಿತವಾಗಿ ಹೆಸರಿಡುವ ಲಿನೇಯಸನ ಕೃತಿ 1753ರದು. ಲಂಡನ್ನಿನ ಬಳಿಯ ಕ್ಯೂ ಸಸ್ಯೋದ್ಯಾನ ಆರಂಭವಾದದ್ದು 1759ರಲ್ಲಿ.

ಮೈಸೂರು ಸಂಸ್ಥಾನದಲ್ಲಿ ಇದೇ ಕಾಲದಲ್ಲಿ ತಂತ್ರಕೌಶಲವನ್ನು ರಾಜ್ಯಶಕ್ತಿಯ ಮೂಲವಾಗಿ ಕಂಡ ವ್ಯಕ್ತಿ ಹೈದರ್ ಅಲಿ. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಕ್ಯೂ ಉದ್ಯಾನ ಆರಂಭವಾದ ಮರುವರ್ಷ ಬೆಂಗಳೂರಿನಲ್ಲಿ ಲಾಲ್‌ಬಾಗನ್ನು ಎಬ್ಬಿಸಿದವನು, ಯುರೋಪಿನ ಸೇನೆಗಳಲ್ಲಿ ಬಳಕೆಯಲ್ಲಿರದ ಕಬ್ಬಿಣದ ಕೊಳವೆಯ ಬಾಣಗಳನ್ನು ರಣರಂಗಕ್ಕೆ ತಂದವನು ಇದೇ ನಿರಕ್ಷರಿ ದಂಡನಾಯಕ. ಅವನನ್ನು ವೀರನೆಂದು ಹೊಗಳುವ ಬರಹಗಳಿಗೂ ಅಪಹಾರಿಯೆಂದು ತೆಗಳುವ ಬರಹಗಳಿಗೂ ಕೊರತೆಯಿಲ್ಲ. ಪ್ರಸ್ತುತ ಲೇಖನದ ಉದ್ದೇಶ ಈ ಎರಡರಲ್ಲಿ ಯಾವುದೂ ಅಲ್ಲ. ಬರಹದ ನೆರವಿಲ್ಲದೆ ಕೈಯಿಂದ ಕೈಗೆ ದಾಟುತ್ತಿದ್ದ ಅರಿವನ್ನು ಅವನು ಹೇಗೆ ಗುರುತಿಸಿದ, ಹೇಗೆ ಒಂದೆಡೆ ಕೂಡಿಸಿದ, ಅವನ ರಾಜ್ಯ ಅಳಿದ ಮೇಲೆ ಆ ಅರಿವಿನಲ್ಲಿ ಯಾವುದು ಉಳಿಯಿತು, ಯಾವುದು ಕಳೆದುಹೋಯಿತು ಎಂಬುದನ್ನು ಅವನ ಜೀವನದ ಘಟ್ಟಗಳ ಮೂಲಕ ಪರಿಶೀಲಿಸುವುದು ಇಲ್ಲಿನ ಪ್ರಯತ್ನ.

2

ಹೈದರ್ ಅಲಿ ಹುಟ್ಟಿದ್ದು ಈಗಿನ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ, 1720ರ ಆಸುಪಾಸಿನಲ್ಲಿ. ತಂದೆ ಫತೇ ಮಹಮ್ಮದ್ ಸಿಪಾಯಿ ವೃತ್ತಿಯನ್ನೇ ನಂಬಿ ಆರ್ಕಾಟು, ಸಿರಾ ಮೊದಲಾದ ಕಡೆ ಸೇವೆ ಸಲ್ಲಿಸಿದವನು. ಆರ್ಕಾಟಿನ ನವಾಬನ ಸೇನೆಯಲ್ಲಿ ಅವನು ಐವತ್ತು ಮಂದಿ ಬಾಣದವರ ತುಕಡಿಗೆ ನಾಯಕನಾಗಿದ್ದನೆಂದು ಚರಿತ್ರೆಕಾರರು ಹೇಳುತ್ತಾರೆ. ಆ ಕಾಲದ ಬಾಣಗಳು ಬಹುಪಾಲು ಸಂಜ್ಞೆ ನೀಡಲು, ಕುದುರೆ ಆನೆಗಳನ್ನು ಬೆದರಿಸಲು ಬಳಕೆಯಾಗುತ್ತಿದ್ದ ಬಿದಿರಿನ ಅಥವಾ ಕಾಗದದ ಕೊಳವೆಗಳು. ಹೀಗಾಗಿ ಹೈದರನ ಕಾಲದ ಕಬ್ಬಿಣದ ಬಾಣ ಒಬ್ಬನ ಹೊಳಹಿನಿಂದ ದಿಢೀರನೆ ಹುಟ್ಟಿದ ವಸ್ತುವಲ್ಲ; ಅದಕ್ಕೆ ದಖ್ಖನಿನ ಸೇನೆಗಳಲ್ಲಿ ದೀರ್ಘ ಪೂರ್ವಪರಂಪರೆಯಿತ್ತು. ಹೈದರನ ಮನೆತನಕ್ಕೆ ಆ ಪರಂಪರೆಯ ಪರಿಚಯ ಹಿಂದಿನ ತಲೆಮಾರಿನಿಂದಲೇ ಇತ್ತು.

ಫತೇ ಮಹಮ್ಮದ್ ಸಿರಾದ ಸುಬೇದಾರಿಯ ಒಳಜಗಳದಲ್ಲಿ ಮಡಿದಾಗ ಹೈದರ್ ಇನ್ನೂ ಚಿಕ್ಕ ಹುಡುಗ. ತಂದೆಯ ಬಾಕಿಗಾಗಿ ಹೈದರನನ್ನೂ ಅವನ ಅಣ್ಣ ಶಹಬಾಜನನ್ನೂ ದೊಡ್ಡಬಳ್ಳಾಪುರದ ಜಾಗೀರುದಾರ ನಗಾರಿಯೊಳಗೆ ಕೂರಿಸಿ ಹೊರಗಿನಿಂದ ಬಾರಿಸಿ ಹಿಂಸಿಸಿದನೆಂಬ ಕಥೆಯನ್ನು ಚರಿತ್ರೆಕಾರ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. ಶ್ರೀರಂಗಪಟ್ಟಣದಲ್ಲಿ ಸೇವೆಯಲ್ಲಿದ್ದ ಸಂಬಂಧಿಕನೊಬ್ಬ ಆ ಕುಟುಂಬವನ್ನು ಬಿಡಿಸಿಕೊಂಡ ನಂತರ ಅಣ್ಣತಮ್ಮಂದಿರು ಮೈಸೂರಿನ ಸೇನೆಯ ಆಶ್ರಯಕ್ಕೆ ಬಂದರು. ಈ ಅಲೆದಾಟದಲ್ಲಿ ಹೈದರನಿಗೆ ಅಕ್ಷರಾಭ್ಯಾಸ ಒದಗಲಿಲ್ಲ. ಆದರೆ ಕನ್ನಡ, ತೆಲುಗು, ತಮಿಳು, ಮರಾಠಿ, ಹಿಂದುಸ್ತಾನಿ ಎಂಬ ಐದು ನುಡಿಗಳಲ್ಲಿ ಅವನು ಸರಾಗವಾಗಿ ವ್ಯವಹರಿಸುತ್ತಿದ್ದ. ಕಮ್ಮಾರನೊಂದಿಗೆ, ತೋಟಗಾರನೊಂದಿಗೆ, ಗೋಪಾಲಕನೊಂದಿಗೆ ನೇರವಾಗಿ ಅವರವರ ನುಡಿಯಲ್ಲೇ ಮಾತನಾಡಬಲ್ಲ ಸಾಮರ್ಥ್ಯ ಪಾರ್ಸಿ ಬಲ್ಲ ದರಬಾರಿಗರಿಗಿಂತ ಅವನಿಗೆ ಹೆಚ್ಚಾಗಿತ್ತು. ಮುಂದಿನ ಅವನ ಸಾಧನೆಗಳಿಗೆ ಈ ಬಹುಭಾಷಿಕತೆಯೇ ಅಕ್ಷರದ ಸ್ಥಾನವನ್ನು ತುಂಬಿತೆಂದು ಭಾವಿಸಲು ಅವಕಾಶವಿದೆ.

3

1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೈದರನ ಧೈರ್ಯ ಸರ್ವಾಧಿಕಾರಿ ಕರಾಚೂರಿ ನಂಜರಾಜಯ್ಯನ ಕಣ್ಣಿಗೆ ಬಿದ್ದಿತು. ಕನ್ನಡ ಅಧ್ಯಯನಕಾರರಿಗೆ ಈ ನಂಜರಾಜಯ್ಯ ಅಪರಿಚಿತನಲ್ಲ. ಕಳಲೆ ಮನೆತನದ ಈ ಮಂತ್ರಿಯ ಹೆಸರಿನಲ್ಲಿ ಅನೇಕ ಪುರಾಣ ಹಾಗೂ ಮಾಹಾತ್ಮ್ಯ ಕೃತಿಗಳು ಕನ್ನಡದಲ್ಲಿವೆ; ಅವನನ್ನು ಕುರಿತ ಸಂಸ್ಕೃತ ಅಲಂಕಾರಗ್ರಂಥವೂ ಇದೆ. ಆ ಕಾಲದ ಮೈಸೂರಿನಲ್ಲಿ ಬರಹವು ದೇವರ ಮಹಿಮೆಗೆ, ವಂಶದ ಕೀರ್ತಿಗೆ, ಲೆಕ್ಕಪತ್ರಕ್ಕೆ ಮೀಸಲಾಗಿತ್ತು. ಕುಲುಮೆಯ ಅರಿವಿಗೆ ಅಲ್ಲಿ ಎಡೆಯಿರಲಿಲ್ಲ. ಕವಿಯೂ ಆಗಿದ್ದ ಮಂತ್ರಿ ನಿರಕ್ಷರಿ ಸಿಪಾಯಿಯೊಬ್ಬನನ್ನು ಮೇಲೆತ್ತಿದ್ದು ಆಕಸ್ಮಿಕವಾದರೂ, ಒಂದೇ ಆಸ್ಥಾನದಲ್ಲಿದ್ದ ಎರಡು ಬಗೆಯ ಅರಿವಿನ ಲೋಕಗಳನ್ನು ಅದು ಎದುರುಬದುರಾಗಿ ನಿಲ್ಲಿಸುತ್ತದೆ.

ನಂಜರಾಜಯ್ಯನ ಸೇನೆಯೊಂದಿಗೆ ಹೈದರ್ ಕರ್ನಾಟಿಕ್ ಪ್ರದೇಶದ ಯುದ್ಧಗಳಿಗೆ ಹೋದನು. 1750ರ ಡಿಸೆಂಬರಿನಲ್ಲಿ ಜಿಂಜಿಯ ಬಳಿ ನಿಜಾಮ ನಾಸಿರ್ ಜಂಗ್ ಕೊಲೆಯಾದಾಗ ಅವನು ಆ ಪಾಳೆಯದಲ್ಲಿದ್ದ. ಅಲ್ಪಸಂಖ್ಯೆಯ ಫ್ರೆಂಚ್ ಪಡೆ ದೊಡ್ಡ ಸೈನ್ಯವನ್ನು ಕಂಗೆಡಿಸಿದ್ದನ್ನು ಅವನು ಕಣ್ಣಾರೆ ಕಂಡ. ಆಮೇಲೆ ತಿರುಚಿರಾಪಳ್ಳಿಯ ದೀರ್ಘ ಮುತ್ತಿಗೆಯ ವರ್ಷಗಳಲ್ಲಿ ಇಂಗ್ಲಿಷರ ಹಾಗೂ ಫ್ರೆಂಚರ ಕವಾಯತು, ತೋಪುಗಳ ನೆಲೆ, ಕಂದಕ ಮೋರ್ಚೆಗಳ ರಚನೆ ಎಲ್ಲವನ್ನೂ ಹತ್ತಿರದಿಂದ ನೋಡುವ ಅವಕಾಶ ಅವನಿಗೆ ದೊರೆಯಿತು.

ಇಲ್ಲಿ ಒಂದು ಸಮಕಾಲೀನತೆಯನ್ನು ಗಮನಿಸಬೇಕು. ಮೇಲೆ ಹೆಸರಿಸಿದ ಬೆಂಜಮಿನ್ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸರಿಪಡಿಸುವ ಎಂಜಿನಿಯರನಾಗಿ 1750ರಲ್ಲಿ ಕೋರಮಂಡಲ ತೀರಕ್ಕೆ ಬಂದಿದ್ದ. ಬಾಣಗಳು ಎಷ್ಟು ಎತ್ತರಕ್ಕೆ ಏರಬಲ್ಲವೆಂಬ ಬಗ್ಗೆಯೂ ಅವನು ಲಂಡನ್ನಿನಲ್ಲಿ ಪ್ರಯೋಗ ಮಾಡಿ ಬರೆದಿದ್ದ. 1751ರ ಜುಲೈಯಲ್ಲಿ ಅವನು ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡ. ಗುಂಡಿನ ಗತಿಯನ್ನು ಗಣಿತಕ್ಕೆ ಒಳಪಡಿಸಿದ ವಿಜ್ಞಾನಿಯೂ ಬಾಣಗಳನ್ನು ದಳದ ಮಟ್ಟಕ್ಕೆ ಏರಿಸಲಿದ್ದ ಮೈಸೂರಿನ ಯುವಕನೂ ಒಂದೇ ಸೀಮೆಯಲ್ಲಿ, ಒಂದೇ ಯುದ್ಧದ ನೆರಳಿನಲ್ಲಿ ಓಡಾಡಿದವರು. ಒಬ್ಬನ ಅರಿವು ಅವನು ಸತ್ತ ಮೇಲೂ ಅಚ್ಚಿನಲ್ಲಿ ಉಳಿದು, ಆಯ್ಲರನಂಥ ಗಣಿತಜ್ಞನಿಂದ ಜರ್ಮನ್ ಭಾಷೆಗೂ ಹೋಗಿತ್ತು. ಇನ್ನೊಬ್ಬನ ಅರಿವು ಅವನ ನೆನಪಿನಲ್ಲಿ, ಅವನು ಜೊತೆಗೂಡಿಸಿಕೊಂಡ ಕಸುಬುದಾರರ ಕೈಗಳಲ್ಲಿ ಮಾತ್ರ ಇತ್ತು.

4

1755ರಲ್ಲಿ ಹೈದರ್ ದಿಂಡಿಗಲ್ಲಿನ ಫೌಜುದಾರನಾದ. ಅವನ ತಾಂತ್ರಿಕ ಜೀವನ ಆರಂಭವಾದದ್ದು ಇಲ್ಲಿ ಎನ್ನಬಹುದು. ತಿರುಚಿರಾಪಳ್ಳಿ, ಶ್ರೀರಂಗ, ಪುದುಚೇರಿಗಳಿಂದ ನುರಿತ ಕೆಲಸಗಾರರನ್ನು ಕರೆಸಿಕೊಂಡು, ಫ್ರೆಂಚ್ ಉಸ್ತಾದರ ಮೇಲ್ವಿಚಾರಣೆಯಲ್ಲಿ ತೋಪಿನ ದಳ, ಆಯುಧಾಗಾರ, ಮದ್ದಿನ ಕಾರ್ಖಾನೆ ಇವುಗಳಿಗೆ ಅವನು ಅಡಿಪಾಯ ಹಾಕಿದನೆಂದು ವಿಲ್ಕ್ಸನ ಗ್ರಂಥದಿಂದ ತಿಳಿಯುತ್ತದೆ. ಆ ಕಾಲದ ಪಾಳೆಯಗಾರರು, ನವಾಬರು ಬಂದೂಕು ತೋಪುಗಳನ್ನು ಕೊಳ್ಳುತ್ತಿದ್ದರು. ಹೈದರನೂ ಕೊಂಡ. ಆದರೆ ಆಯುಧಕ್ಕಿಂತ ಅದನ್ನು ಮಾಡಬಲ್ಲವನನ್ನು ಕರೆತರುವುದು ಹೆಚ್ಚು ಲಾಭದಾಯಕ ಎಂಬ ವಿವೇಕ ದಿಂಡಿಗಲ್ಲಿನಲ್ಲೇ ಅವನಿಗೆ ಮೂಡಿತ್ತು. ಮುಂದಿನ ಇಪ್ಪತ್ತೇಳು ವರ್ಷ ಅವನ ಪಾಳೆಯದಲ್ಲಿ ಫ್ರೆಂಚರು, ಪೋರ್ಚುಗೀಸರು, ಕೆಲವು ಕಾಲ ಇಂಗ್ಲಿಷರು ಸಹ ಕಾಣಿಸಿಕೊಂಡದ್ದು ಈ ವಿವೇಕದ ಮುಂದುವರಿಕೆ. ಅವನನ್ನು ಕುರಿತ ಆರಂಭದ ವೃತ್ತಾಂತಗಳಲ್ಲಿ ಕೆಲವನ್ನು ಬರೆದವರೂ ಇಂಥವರೇ: ಫ್ರೆಂಚ್ ಅಧಿಕಾರಿ ಮೇಸ್ತ್ರ್ ದ ಲಾ ತೂರ್, ಪೋರ್ಚುಗೀಸ್ ಅಧಿಕಾರಿ ಪೆಯ್ಶೋತೊ. ಇವರು ಸೇನೆಯ ಚಲನೆಯನ್ನು, ದರಬಾರಿನ ರೀತಿಯನ್ನು ಬರೆದರು. ಸ್ಥಳೀಯ ಕಮ್ಮಾರರ ಕೆಲಸದ ಒಳಗುಟ್ಟು ಅವರ ಆಸಕ್ತಿಯ ಕೇಂದ್ರವಾಗಿರಲಿಲ್ಲ.

5

1758ರಲ್ಲಿ ಬೆಂಗಳೂರು ಹೈದರನಿಗೆ ಜಾಗೀರಾಗಿ ಬಂದಿತು. ಮರುವರ್ಷ ಮರಾಠರ ಗೋಪಾಲರಾವ್ ಹರಿ ಪಟ್ಟಣವನ್ನು ಮುತ್ತಿದಾಗ ಹೈದರ್ ಅದನ್ನು ಉಳಿಸಿಕೊಂಡ. 1760ರ ಆಗಸ್ಟಿನಲ್ಲಿ ಅವನ ದಿವಾನನೇ ಆಗಿದ್ದ ಖಂಡೇರಾಯ ತಿರುಗಿಬಿದ್ದಾಗ, ಕುಟುಂಬವನ್ನೂ ಶ್ರೀರಂಗಪಟ್ಟಣದಲ್ಲಿ ಬಿಟ್ಟು, ರಾತ್ರಿಯಲ್ಲಿ ಕಾವೇರಿಯನ್ನು ದಾಟಿ, ಆನೇಕಲ್ಲಿನ ಮೂಲಕ ಅವನು ಬಂದು ಸೇರಿದ್ದು ಬೆಂಗಳೂರಿನ ಕೋಟೆಯನ್ನು. ಇಲ್ಲಿನ ಸಾಹುಕಾರರಿಂದ ಸಾಲ ಎತ್ತಿ ಅವನು ಮತ್ತೆ ಸೇನೆ ಕಟ್ಟಿದ. 1761ರ ವೇಳೆಗೆ ಮೈಸೂರಿನ ಅಧಿಕಾರ ಪೂರ್ತಿಯಾಗಿ ಅವನ ಕೈಸೇರಿತು. ಸೆರೆಸಿಕ್ಕ ಖಂಡೇರಾಯನನ್ನು ಕಬ್ಬಿಣದ ಪಂಜರದಲ್ಲಿಟ್ಟು ಬೆಂಗಳೂರಿನಲ್ಲಿ ಪ್ರದರ್ಶಿಸಿದ್ದು ಪ್ರಸಿದ್ಧವಾದ ಸಂಗತಿ. ಕುಲುಮೆಯ ಕಬ್ಬಿಣ ಬಾಣವಾದಂತೆ ಪಂಜರವೂ ಆಯಿತು ಎಂಬುದನ್ನು ಹೈದರನ ತಂತ್ರಾಸಕ್ತಿಯನ್ನು ಮೆಚ್ಚುವ ಬರಹಗಳು ಮರೆಯಬಾರದು.

ಬೆಂಗಳೂರಿನಲ್ಲಿ ಅವನ ಮೊದಲ ದೊಡ್ಡ ಕೆಲಸ ಕೋಟೆ. ಕೆಂಪೇಗೌಡನ 1537ರ ಮಣ್ಣಿನ ಕೋಟೆಯ ದಕ್ಷಿಣಕ್ಕೆ ಚಿಕ್ಕದೇವರಾಜ ಒಡೆಯನ ಕಾಲದಲ್ಲಿ ಬೆಳೆದಿದ್ದ ಅಂಡಾಕಾರದ ಕೋಟೆಯನ್ನು ಹೈದರ್ 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದ. ಈಗ ಕೃಷ್ಣರಾಜ ಮಾರುಕಟ್ಟೆಯ ಪಕ್ಕದಲ್ಲಿ ಉಳಿದಿರುವ ದೆಹಲಿ ಬಾಗಿಲು ಹಾಗೂ ಬುರುಜು ಅದರ ಶೇಷ. ಕೋಟೆಯೊಳಗಿನ ಮರದ ಅರಮನೆಯನ್ನು ಅವನು 1781ರಲ್ಲಿ ಆರಂಭಿಸಿದ; ಟಿಪ್ಪು 1791ರಲ್ಲಿ ಮುಗಿಸಿದ. ಚಾಮರಾಜಪೇಟೆ ಎಂಬ ಬಡಾವಣೆ 1892ರಲ್ಲಿ ಈ ಕೋಟೆಯ ಮಗ್ಗುಲಲ್ಲಿಯೇ ರೂಪುಗೊಂಡಿತು.

ಎರಡನೆಯದು ತೋಟ. 1760ರಲ್ಲಿ ಸುಮಾರು 40 ಎಕರೆಗಳಲ್ಲಿ ಲಾಲ್‌ಬಾಗ್ ಆರಂಭವಾಯಿತು. ಸಿರಾದ ಮೊಗಲ್ ಸುಬೇದಾರರ ಉದ್ಯಾನವೇ ಅದಕ್ಕೆ ಮಾದರಿಯೆಂದು ಹೇಳುತ್ತಾರೆ. ತಂದೆಯ ಸೇವೆಯ ಕಾರಣದಿಂದ ಆ ಊರು ಹೈದರನ ಬಾಲ್ಯಕ್ಕೆ ಸೇರಿದ್ದು. ದೆಹಲಿ, ಲಾಹೋರ್, ಮುಲ್ತಾನ್, ಆರ್ಕಾಟುಗಳಿಂದ ಗಿಡಗಳನ್ನು ತರಿಸಲಾಯಿತು. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಹೈದರ್ ಮತ್ತು ಟಿಪ್ಪುವಿನ ತೋಟಗಳನ್ನು ನೋಡಿ, ಚೌಕಾಕಾರದ ಪಾತಿಗಳನ್ನೂ ಅವುಗಳ ನಡುವಿನ ದಾರಿಗಳನ್ನೂ ದಾರಿಯಂಚಿನ ಸೈಪ್ರೆಸ್ ಮರಗಳನ್ನೂ ವರ್ಣಿಸಿದ್ದಾನೆ. ಬೇರೆ ಹವೆಯ ಗಿಡವೊಂದನ್ನು ಬೆಂಗಳೂರಿನ ಕೆಂಪುಮಣ್ಣಿಗೆ ಒಗ್ಗಿಸುವುದು ಪ್ರಯೋಗಶೀಲತೆಯನ್ನು ಬೇಡುವ ಕೆಲಸ. ಬೀಜ ಬಿತ್ತುವ ಕಾಲ, ನೀರಿನ ಅಳತೆ, ನೆರಳಿನ ಹದ, ಸತ್ತ ಗಿಡದಿಂದ ಕಲಿತ ಪಾಠ ಇವೆಲ್ಲ ಅದರಲ್ಲಿ ಅಡಗಿವೆ. ಈ ಕೆಲಸವನ್ನು ಮಾಡಿದವರಲ್ಲಿ ತಿಗಳ ಸಮುದಾಯದವರು ಮುಖ್ಯರು. ಕಪಿಲೆಯಿಂದ ನೀರೆತ್ತಿ, ಹೂವು ತರಕಾರಿಗಳನ್ನು ಬೆಳೆದು ಪೇಟೆಗೆ ಒದಗಿಸುವುದು ಅವರ ಕುಲಕಸುಬು. ಧರ್ಮರಾಯನ ಗುಡಿಯಿಂದ ಹೊರಡುವ ಬೆಂಗಳೂರು ಕರಗ ಇದೇ ಸಮುದಾಯದ ಆಚರಣೆ. ತೋಟದ ನಕ್ಷೆ ಸಿರಾದ ಮೊಗಲ್ ಪರಂಪರೆಯಿಂದ ಬಂದಿತು. ಅದಕ್ಕೆ ಜೀವ ತುಂಬಿದ ಪರಿಣತಿ ಬೆಂಗಳೂರಿನ ಕೆರೆಯಂಗಳದ್ದು.

ಮೂರನೆಯದು ಬಾಣ. ಈಗಿನ ಪುರಭವನದ ಬಳಿಯ ತಾರಾಮಂಡಲಪೇಟೆ ಬಾಣ ಮತ್ತು ಮದ್ದಿನ ಕೆಲಸ ನಡೆಯುತ್ತಿದ್ದ ಜಾಗವೆಂದು ಪ್ರತೀತಿಯಿದೆ. ರಾತ್ರಿಯಾಕಾಶದಲ್ಲಿ ನಕ್ಷತ್ರದಂತೆ ಚೆದುರುವ ಬಾಣಬಿರುಸಿನ ನೆನಪು ಆ ಹೆಸರಿನಲ್ಲಿ ಅಡಗಿದೆಯೆಂದು ಅರ್ಥೈಸಲಾಗಿದೆ. ತಾರಾಮಂಡಲಪೇಟೆ, ಕೋಟೆ, ಲಾಲ್‌ಬಾಗ್ ಇವು ಮೂರೂ ಒಂದೆರಡು ಮೈಲಿಯ ಅಂತರದೊಳಗಿವೆ. ಬಸವನಗುಡಿಯಂಥ ಬಡಾವಣೆಗಳು ಹುಟ್ಟುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲು, ಪೇಟೆ ಮತ್ತು ಬಯಲಿನ ನಡುವಿನ ಈ ಪುಟ್ಟ ಹರವಿನಲ್ಲಿ ಶಿಲ್ಪಿ, ತೋಟಗಾರ, ಕಮ್ಮಾರ, ಮದ್ದುಗಾರ ಇವರ ಅರಿವುಗಳು ಒಂದೇ ಆಡಳಿತದ ಕೆಳಗೆ ಕೂಡಿಬಂದವು.

6

1763ರಲ್ಲಿ ಬಿದನೂರು ಹೈದರನ ವಶವಾಯಿತು. ಕೆಳದಿಯ ಅರಸು ಮನೆತನದ ಕಥೆಯನ್ನು ಹೇಳುವ ಲಿಂಗಣ್ಣಕವಿಯ ಕೆಳದಿನೃಪವಿಜಯದ ಮೂಲಕ ಈ ಪತನ ಕನ್ನಡ ಸಾಹಿತ್ಯಕ್ಕೂ ಸೇರಿದ ಘಟನೆ. ಬಿದನೂರಿನ ಸಂಪತ್ತೇ ತನ್ನ ಏಳಿಗೆಗೆ ಕಾರಣವೆಂದು ಬಗೆದ ಹೈದರ್ ಆ ಊರಿಗೆ ಹೈದರ್‌ನಗರವೆಂದು ಹೆಸರಿಟ್ಟ. ಈಗ ಅದು ನಗರ. ಕೆಳದಿಯ ಹೊನ್ನಿನ ಮೇಲಿದ್ದ ಶಿವಪಾರ್ವತಿಯರ ಚಿತ್ರವನ್ನು ಅವನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರ್ಸಿ ಅಕ್ಷರವನ್ನು ಮಾತ್ರ ಟಂಕಿಸಿದ. ಜನರಿಗೆ ಪರಿಚಿತವಾದ ನಾಣ್ಯದ ನಂಬಿಕೆಯನ್ನು ಕೆಡಿಸದೆ ಅಧಿಕಾರ ಬದಲಾದುದನ್ನು ಒಂದೇ ಅಕ್ಷರದಲ್ಲಿ ಸಾರುವ ಈ ಉಪಾಯ ಓದು ಬಾರದ ದೊರೆಯದು.

ಬಿದನೂರಿನ ಜೊತೆಗೆ ಕರಾವಳಿಯೂ ಬಂದಿತು. ಮಲೆನಾಡಿನ ಮರದಿಂದ ಹಡಗು ಕಟ್ಟಿಸಿ ನೌಕಾಪಡೆಯೊಂದನ್ನು ರೂಪಿಸಲು ಅವನು ಮಂಗಳೂರಿನಲ್ಲಿ ಪ್ರಯತ್ನಿಸಿದ. ಈ ಪ್ರಯತ್ನ ನೆಲೆ ನಿಲ್ಲಲಿಲ್ಲ. 1768ರಲ್ಲಿ ಇಂಗ್ಲಿಷರು ಮಂಗಳೂರಿನ ಮೇಲೆ ಬಿದ್ದಾಗ ಹಡಗುಗಳು ಕೈತಪ್ಪಿದವು. ಮತ್ತೆ ಕಟ್ಟಿದ ಪಡೆಯನ್ನು 1780ರ ಡಿಸೆಂಬರಿನಲ್ಲಿ ಎಡ್ವರ್ಡ್ ಹ್ಯೂಸ್ ನಾಶ ಮಾಡಿದ. ಹಡಗು ಕಟ್ಟುವ ಬಡಗಿಗಳು ಕರಾವಳಿಯಲ್ಲಿ ಇದ್ದರು, ಮರವೂ ಇತ್ತು. ಆದರೆ ಯುದ್ಧನೌಕೆಗೆ ಬೇಕಾದ ನಾವಿಕ ಅಧಿಕಾರಿವರ್ಗವನ್ನು ಹೊರಗಿನವರ ಬಾಡಿಗೆ ನಿಷ್ಠೆಯಿಂದ ತುಂಬಿಕೊಳ್ಳಲಾಗಲಿಲ್ಲ. ಕಸುಬುದಾರರನ್ನು ಕರೆತರುವ ಹೈದರನ ವಿಧಾನದ ಮಿತಿ ಇಲ್ಲಿ ಸ್ಪಷ್ಟವಾಗುತ್ತದೆ.

ಅದೇ ವಿಧಾನ ನೆಲದ ಮೇಲೆ ಫಲ ಕೊಟ್ಟದ್ದಕ್ಕೆ ಎತ್ತುಗಳ ದಳ ಉತ್ತಮ ನಿದರ್ಶನ. ಮೈಸೂರಿನ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಚಿಕ್ಕದೇವರಾಜ ಒಡೆಯನ ಕಾಲದಲ್ಲಿ ರೂಪುಗೊಂಡ ಬೆಣ್ಣೆ ಚಾವಡಿಯ ಹಸುಗಳ ತಳಿಯನ್ನು ಹೈದರ್ ತೋಪೆಳೆಯುವ ಎತ್ತುಗಳ ಸಾಕಣೆಗೆ ತಿರುಗಿಸಿದ. ಟಿಪ್ಪು ಅದಕ್ಕೆ ಅಮೃತಮಹಲ್ ಎಂಬ ಹೆಸರಿಟ್ಟ. ಚಿದಂಬರದ ರಕ್ಷಣೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ದಾರಿ ಸಾಗಲು ಹೈದರನಿಗೆ ಸಾಧ್ಯವಾದದ್ದು ಈ ಎತ್ತುಗಳಿಂದ ಎಂದು ಮೈಸೂರು ಗೆಜೆಟಿಯರನ್ನು ರಚಿಸಿದ ಬಿ.ಎಲ್. ರೈಸ್ ತಿಳಿಸುತ್ತಾನೆ. ತೋಪು ಎಷ್ಟೇ ದೊಡ್ಡದಿರಲಿ, ರಣರಂಗಕ್ಕೆ ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ವ್ಯರ್ಥ. ಹೋರಿಯ ಆಯ್ಕೆ, ಕಾವಲುಗಳಲ್ಲಿ ಮೇಯಿಸುವ ಕ್ರಮ, ನೊಗಕ್ಕೆ ಪಳಗಿಸುವ ವಯಸ್ಸು ಇವೆಲ್ಲವೂ ಗೋಪಾಲಕರಿಗೆ ತಿಳಿದ ವಿದ್ಯೆ. ಅದನ್ನು ಸೇನೆಯ ಅಗತ್ಯದೊಂದಿಗೆ ಬೆಸೆದದ್ದು ಹೈದರನ ಕಾಣ್ಕೆ.

7

ಮೈಸೂರಿನ ಬಾಣಗಳ ವಿಶೇಷ ಅವುಗಳ ಕೊಳವೆಯಲ್ಲಿದೆ. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣವಾದ ಮದ್ದು ಉರಿದಾಗ ಹುಟ್ಟುವ ಅನಿಲ ಹಿಂಬದಿಯ ಕಿರಿದಾದ ರಂಧ್ರದಿಂದ ಹೊರನುಗ್ಗುತ್ತದೆ. ಅದರ ಪ್ರತಿಬಲದಿಂದ ಬಾಣ ಮುಂದಕ್ಕೆ ಹಾರುತ್ತದೆ. ಕಾಗದದ ಅಥವಾ ಬಿದಿರಿನ ಕೊಳವೆ ಹೆಚ್ಚಿನ ಒತ್ತಡವನ್ನು ತಾಳದೆ ಒಡೆಯುತ್ತದೆ. ಬಡಿದು ಹದಗೊಳಿಸಿದ ಮೆದು ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ಗಟ್ಟಿಯಾಗಿ ತುಂಬಬಹುದು, ಒತ್ತಡ ಏರುತ್ತದೆ, ವೇಗವೂ ದೂರವೂ ಹೆಚ್ಚುತ್ತವೆ. ಇಂಗ್ಲೆಂಡಿನ ವುಲಿಚ್ಚಿನಲ್ಲಿದ್ದ ಎರಡು ಮೈಸೂರು ಬಾಣಗಳ ಅಳತೆಗಳನ್ನು ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರ ತಮ್ಮ ಅಧ್ಯಯನದಲ್ಲಿ ಕೊಟ್ಟಿದ್ದಾರೆ. ಒಂದರ ಕೊಳವೆ ಸುಮಾರು 25 ಸೆಂಟಿಮೀಟರ್ ಉದ್ದವಿದ್ದು, ಸುಮಾರು ಒಂದು ಮೀಟರ್ ಉದ್ದದ ಕತ್ತಿಯ ಅಲಗಿಗೆ ತೊಗಲಿನ ಪಟ್ಟಿಯಿಂದ ಕಟ್ಟಲ್ಪಟ್ಟಿದೆ. ಇನ್ನೊಂದರ ಕೊಳವೆ ಸುಮಾರು 20 ಸೆಂಟಿಮೀಟರ್ ಉದ್ದದ್ದು, ಅದಕ್ಕೆ ಬಿದಿರಿನ ಗಳುವನ್ನು ಜೋಡಿಸಲಾಗಿದೆ. ಗಳುವಾಗಲಿ ಅಲಗಾಗಲಿ ಬಾಣದ ಗತಿಯನ್ನು ನೆಟ್ಟಗಿಡುವ ಬಾಲದ ಕೆಲಸ ಮಾಡುತ್ತದೆ.

ಇಂಥ ಕೊಳವೆಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಬೇಕಾದರೆ ನಂಬಬಹುದಾದ ಕಬ್ಬಿಣ ಬೇಕು. ಮಾಗಡಿ, ಚನ್ನಪಟ್ಟಣ, ಸಿರಾ ಸೀಮೆಗಳ ಕುಲುಮೆಗಳು ಅದನ್ನು ಒದಗಿಸಬಲ್ಲವಾಗಿದ್ದವು. ಬುಕಾನನ್ ತನ್ನ ಪ್ರವಾಸಕಥನದಲ್ಲಿ ಈ ಸೀಮೆಗಳ ಕುಲುಮೆಗಳನ್ನು ವಿವರಿಸಿದ್ದಾನೆ. ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಟ್ಟಿಗೆ ಹಾಗೂ ಹಸಿ ಎಲೆಗಳೊಂದಿಗೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ತಿದಿಯೊತ್ತಿ ಕಾಸಿ ಉಕ್ಕು ಮಾಡುತ್ತಿದ್ದ ಬಗೆಯೂ, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದ ಕಸುಬೂ ಅಲ್ಲಿ ದಾಖಲಾಗಿವೆ. ಯುರೋಪಿನ ಲೋಹವಿಜ್ಞಾನಕ್ಕೆ ವೂಟ್ಜ್ ಎಂದು ಪರಿಚಿತವಾದ ಪದ ನಮ್ಮ ಉಕ್ಕಿನ ತಪ್ಪು ಓದಿನಿಂದ ಬಂದದ್ದೆಂದು ಹಲವು ವಿದ್ವಾಂಸರು ಒಪ್ಪಿದ್ದಾರೆ. ಆ ಉಕ್ಕನ್ನು ಕುರಿತ ಜಾರ್ಜ್ ಪಿಯರ್ಸನ್ನನ ಲೇಖನ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕನ್ನಡದ ಪದವೊಂದು ವಿಜ್ಞಾನದ ಪರಿಭಾಷೆಗೆ ಹೀಗೆ ಇಂಗ್ಲಿಷಿನ ಮೂಲಕ ಹೋಯಿತು.

ಹೈದರನ ಕೊನೆಯ ವರ್ಷಗಳ ವೇಳೆಗೆ ಅವನ ಸೇನೆಯಲ್ಲಿ ಸುಮಾರು 1200 ಮಂದಿ ಬಾಣದವರಿದ್ದರೆಂದು ಹೇಳಲಾಗಿದೆ. ಮದ್ರಾಸಿನ ಹೊರವಲಯಕ್ಕೆ ಬಂದು ನಿಂತು 1769ರ ಏಪ್ರಿಲಿನಲ್ಲಿ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡಿದ್ದ ಹೈದರ್, ಎರಡನೆಯ ಯುದ್ಧಕ್ಕಾಗಿ 1780ರ ಜುಲೈಯಲ್ಲಿ ಘಟ್ಟ ಇಳಿದ. ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆಯ ಮದ್ದಿನ ಬಂಡಿಗಳು ಸಿಡಿದು, ಆ ಪಡೆ ಸಂಪೂರ್ಣವಾಗಿ ನೆಲಕಚ್ಚಿತು. ಬಂಡಿಗಳಿಗೆ ಬೆಂಕಿ ತಗುಲಿದ್ದು ಬಾಣದಿಂದಲೋ ತೋಪಿನ ಗುಂಡಿನಿಂದಲೋ ಎಂಬ ವಿಷಯದಲ್ಲಿ ನಿರೂಪಣೆಗಳು ಬೇರೆಬೇರೆಯಾಗಿವೆ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಭಿತ್ತಿಚಿತ್ರ ಆ ಸಿಡಿತವನ್ನು ಇಂದಿಗೂ ತೋರಿಸುತ್ತದೆ. ಅದೇ ದಂಡಯಾತ್ರೆಯಲ್ಲಿ ಕರ್ನಾಟಿಕ್ಕಿನ ಊರುಕೇರಿಗಳು ಸುಟ್ಟುಹೋದವು, ರೈತಾಪಿ ಜನ ದಿಕ್ಕಾಪಾಲಾದರು. ತಂತ್ರಕೌಶಲದ ಚರಿತ್ರೆ ಬರೆಯುವಾಗ ಈ ಬೆಲೆಯನ್ನೂ ಅದರ ಪಕ್ಕದಲ್ಲೇ ಇಡಬೇಕು. 1781ರ ಜುಲೈಯಲ್ಲಿ ಪೋರ್ಟೊನೊವೊದಲ್ಲಿ ಐರ್ ಕೂಟನ ಎದುರು ಹೈದರ್ ಸೋತ. ಬೆನ್ನಿನ ಹುಣ್ಣಿನಿಂದ ನರಳಿ, 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಅವನು ಕಣ್ಣುಮುಚ್ಚಿದ. ಕೋಲಾರದಲ್ಲಿ ಮೊದಲು ಇರಿಸಿದ್ದ ದೇಹವನ್ನು ಬಳಿಕ ಶ್ರೀರಂಗಪಟ್ಟಣದ ಗುಂಬಜ್ಜಿಗೆ ಸಾಗಿಸಲಾಯಿತು.

8

ಹೈದರನ ಮರಣಾನಂತರ ಅವನು ಕೂಡಿಸಿದ ಅರಿವುಗಳು ಹಿಡಿದ ದಾರಿಗಳು ಬೇರೆಬೇರೆ. ಟಿಪ್ಪುವಿನ ಆಳ್ವಿಕೆಯಲ್ಲಿ ಬಾಣದವರ ಸಂಖ್ಯೆ ಹಲವು ಪಟ್ಟು ಬೆಳೆಯಿತು. ಅವರ ದಳದ ರಚನೆ ಫತಹುಲ್ ಮುಜಾಹಿದೀನ್ ಎಂಬ ಪಾರ್ಸಿ ಸೇನಾ ಕೈಪಿಡಿಯಲ್ಲಿ ಸೇರಿತು. ಹೀಗೆ ಬಾಣವನ್ನು ಪ್ರಯೋಗಿಸುವ ವ್ಯವಸ್ಥೆ ಬರಹಕ್ಕೆ ಬಂದಿತು. ಅದನ್ನು ಮಾಡುವ ವಿದ್ಯೆ ಕುಲುಮೆಯಲ್ಲೇ ಉಳಿಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಬಳಕೆಗೆ ಸಿದ್ಧವಾಗಿದ್ದ ನೂರಾರು ಬಾಣಗಳೂ ಸಾವಿರಾರು ಖಾಲಿ ಕೊಳವೆಗಳೂ ಇಂಗ್ಲಿಷರ ಕೈಸೇರಿದವು. ಕೆಲವು ವುಲಿಚ್ಚಿಗೆ ಹೋದವು. ವಿಲಿಯಂ ಕಾಂಗ್ರೀವ್ 1804ರಿಂದ ಅಲ್ಲಿ ಪ್ರಯೋಗಗಳನ್ನು ಕೈಗೊಂಡು, ಅಳತೆ ಹಾಕಿ, ಪಟ್ಟಿ ಮಾಡಿ, ಪುಸ್ತಕ ಬರೆದ. 1807ರಲ್ಲಿ ಕೋಪನ್‌ಹೇಗನ್ ಪಟ್ಟಣದ ಮೇಲೆ, 1814ರಲ್ಲಿ ಅಮೆರಿಕದ ಬಾಲ್ಟಿಮೋರಿನ ಮೇಲೆ ಆ ಬಾಣಗಳು ಹಾರಿದವು. ಇತ್ತ ಮೈಸೂರಿನಲ್ಲಿ ಬಾಣಕ್ಕೆ ಇದ್ದ ಏಕೈಕ ಗಿರಾಕಿ ರಾಜ್ಯ. ರಾಜ್ಯ ಬಿದ್ದೊಡನೆ ಕಸುಬೂ ಬಿದ್ದಿತು. ಹಿಂದೆ ಬಿದನೂರಾಗಿದ್ದ ನಗರದ ಕೋಟೆ ಪ್ರದೇಶದ ಹಾಳುಬಾವಿಯೊಂದರಲ್ಲಿ 2018ರ ಜುಲೈಯಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣಗಳು ದೊರೆತವು. ಎರಡು ಶತಮಾನಕ್ಕೂ ಹೆಚ್ಚು ಕಾಲ ಕೆಸರಿನಲ್ಲಿ ಹುದುಗಿದ್ದ ಅವು ಕನ್ನಡ ನಾಡಿನ ಕಮ್ಮಾರರು ಬಿಟ್ಟುಹೋದ ಮುಖ್ಯ ದಾಖಲೆ.

ತೋಟದ ಕಥೆ ಹೀಗಾಗಲಿಲ್ಲ. ಲಾಲ್‌ಬಾಗ್ ಕೈಯಿಂದ ಕೈಗೆ ದಾಟಿ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು, 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿದ್ದಿತು, ಈಗ ಅದರ ವಿಸ್ತಾರ ಸುಮಾರು 240 ಎಕರೆ. ತೋಟಗಾರಿಕೆ ಅರಮನೆಯನ್ನಷ್ಟೇ ಅವಲಂಬಿಸಿರಲಿಲ್ಲ. ಪೇಟೆಗೆ ದಿನಾ ಹೂವು ತರಕಾರಿ ಬೇಕಿತ್ತು. ಎತ್ತಿನ ತಳಿಯೂ ಹಾಗೆಯೇ. ಅಮೃತಮಹಲ್ ಇಲಾಖೆಯನ್ನು 1860ರಲ್ಲಿ ಖರ್ಚಿನ ನೆಪದಿಂದ ಮುಚ್ಚಿದರೂ ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಬೇಕಾಯಿತು, ಕಟ್ಟಲು ಸಾಧ್ಯವೂ ಆಯಿತು. ತಳಿಯೂ ಅದನ್ನು ಬಲ್ಲವರೂ ಹಳ್ಳಿಗಳಲ್ಲಿ ಉಳಿದಿದ್ದರು.

ಈ ಹೋಲಿಕೆಯಿಂದ ಒಂದು ತೀರ್ಮಾನಕ್ಕೆ ಬರಬಹುದು. ಬರಹವಿಲ್ಲದ ಅರಿವು ತಾನಾಗಿಯೇ ದುರ್ಬಲವಾದುದಲ್ಲ. ಸಮುದಾಯದ ದಿನಬಳಕೆಯಲ್ಲಿ ಬೇರಿದ್ದ ಅರಿವು ಅಕ್ಷರವಿಲ್ಲದೆಯೂ ಅರಸೊತ್ತಿಗೆಗಳನ್ನು ದಾಟಿ ಬಾಳಿತು. ಅಧಿಕಾರದ ಅಗತ್ಯವೊಂದನ್ನೇ ನೆಚ್ಚಿದ ಅರಿವು ಅಧಿಕಾರದೊಡನೆ ಅಳಿಯಿತು. ಗೆದ್ದವರ ಬರಹದಲ್ಲಿ ಬೇರೆಯವರ ಹೆಸರಿನಿಂದ ಮರುಹುಟ್ಟು ಪಡೆಯಿತು. ಹೈದರನ ಪ್ರತಿಭೆ ಕೈಗಳನ್ನು ಗುರುತಿಸುವುದರಲ್ಲಿತ್ತು. ಆ ಕೈಗಳ ಅರಿವನ್ನು ಯುದ್ಧದಾಚೆಗೆ ನೆಲೆಗೊಳಿಸುವ ಸಂಸ್ಥೆಯನ್ನು ಕಟ್ಟುವುದು ಅವನಿಂದಾಗಲಿಲ್ಲ. ಅದು ಅವನ ನಿರಕ್ಷರತೆಯ ದೋಷವೆನ್ನುವುದಕ್ಕಿಂತ, ಮಾಹಾತ್ಮ್ಯಗಳನ್ನು ಬರೆದು ಮೂಸೆಯನ್ನು ಬರೆಯದ ಅಕ್ಷರಸ್ಥ ಸಮಾಜದ ದೋಷವೆನ್ನುವುದು ಹೆಚ್ಚು ಸರಿ.

1784ರಲ್ಲಿ ರಚಿತವಾದ ಹೈದರ್ ನಾಮೆ ಎಂಬ ಕನ್ನಡ ಗದ್ಯವೃತ್ತಾಂತ 1930ರ ಮೈಸೂರು ಪುರಾತತ್ವ ಇಲಾಖೆಯ ವರದಿಯ ಮೂಲಕ ವಿದ್ವಾಂಸರ ಗಮನಕ್ಕೆ ಬಂದಿತು. ಅದನ್ನೂ ಕೈಫಿಯತ್ತುಗಳನ್ನೂ ಕಡತಗಳನ್ನೂ ನಮ್ಮಲ್ಲಿ ಹೆಚ್ಚಾಗಿ ರಾಜಕೀಯ ಘಟನೆಗಳಿಗಾಗಿ ಓದಲಾಗಿದೆ. ಕಬ್ಬಿಣದ ತೆರಿಗೆ, ಮದ್ದಿನ ಬೆಲೆ, ತೋಟದ ಕೂಲಿ, ಎತ್ತಿನ ಲೆಕ್ಕ ಇವುಗಳಿಗಾಗಿ ಅವುಗಳನ್ನು ಮತ್ತೊಮ್ಮೆ ಓದುವುದು ಅಗತ್ಯ. ತಿದಿ, ಮೂಸೆ, ಕುಲುಮೆ, ಪಾತಿ, ಕಪಿಲೆ, ಕಾವಲು ಎಂಬ ಪದಗಳು ನಿಘಂಟುಗಳಲ್ಲಿವೆ. ಅವುಗಳ ಹಿಂದಿನ ಕೆಲಸವನ್ನು ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹೈದರ್ ಅಲಿಯ ಕಾಲದಲ್ಲಿ ಯಾರೂ ಮಾಡದೆ ಬಿಟ್ಟ ಬರಹದ ಕೆಲಸದಲ್ಲಿ ಒಂದು ಪಾಲು ಇಂದಿಗೂ ಬಾಕಿ ಇದೆ. ಅದು ಕನ್ನಡ ಅಧ್ಯಯನ ವಿಭಾಗಗಳ ಪಾಲಿಗೆ ಬಂದಿರುವ ಕೆಲಸ.